ನವೋದಯ: ಆರನೇ ತರಗತಿಗೆ ಇರುವ ಕನ್ನಡ ಹನ್ನೊಂದಕ್ಕೆ ಏಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಪ್ರತಿವರ್ಷ ಒಂದು ಪುಟ್ಟ ಸುದ್ದಿ ಬರುತ್ತದೆ. ಜವಾಹರ ನವೋದಯ ವಿದ್ಯಾಲಯದ ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಲ್ಲಿ ಖಾಲಿ ಇರುವ ಸ್ಥಾನಗಳಿಗೆ ಅರ್ಜಿ ಆಹ್ವಾನಿಸಲಾಗಿದೆ, ಅರ್ಹ ವಿದ್ಯಾರ್ಥಿಗಳು ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು, ಇಂಥ ದಿನ ಕೊನೆಯ ದಿನಾಂಕ ಎಂಬಷ್ಟೇ ಆ ಸುದ್ದಿ. ಹುಟ್ಟಿದ ದಿನಾಂಕದ ಮಿತಿ ಅದರಲ್ಲಿರುತ್ತದೆ, ಜಾಲತಾಣದ ವಿಳಾಸ ಇರುತ್ತದೆ. ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಶಿಕಾರಿಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿ ನಿವೃತ್ತನಾಗಿರುವ ನಾನು, ಸುದ್ದಿಯಲ್ಲಿ ಬಿಟ್ಟುಹೋಗುವ ಆ ಒಂದು ಸಾಲಿನ ಬಗ್ಗೆಯೇ ಈ ಪತ್ರ ಬರೆಯುತ್ತಿದ್ದೇನೆ. ವಿಷಯ ತುಸು ವಿವರ ಬೇಡುವುದರಿಂದ ಪತ್ರ ದೀರ್ಘವಾಗಿದೆ, ಕ್ಷಮೆಯಿರಲಿ.

ನವೋದಯ ಶಾಲೆಗಳ ಉದ್ದೇಶದ ಬಗ್ಗೆ ಯಾರಿಗೂ ತಕರಾರು ಇರಲಾರದು. 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಎರಡು ಶಾಲೆಗಳೊಂದಿಗೆ ಆರಂಭವಾಗಿ, 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಲದಿಂದ ಜಿಲ್ಲೆಗೊಂದರಂತೆ ಹರಡಿಕೊಂಡ ಈ ವಸತಿ ಶಾಲೆಗಳು, ಹಳ್ಳಿಯ ಪ್ರತಿಭಾವಂತ ಮಗುವಿಗೆ ಮನೆಯ ಆರ್ಥಿಕ ಸ್ಥಿತಿ ಅಡ್ಡಿಯಾಗದಂತೆ ಒಳ್ಳೆಯ ಶಿಕ್ಷಣ ಸಿಗಬೇಕು ಎಂಬ ಕಾರಣಕ್ಕಾಗಿಯೇ ಹುಟ್ಟಿದವು. ನಮ್ಮ ಜಿಲ್ಲೆಯ ಗಾಜನೂರು, ಕೊಡಗಿನ ಗಾಳಿಬೀಡು, ದಕ್ಷಿಣ ಕನ್ನಡದ ಮುಡಿಪು, ಚಿಕ್ಕಮಗಳೂರಿನ ಬಾಳೆಹೊನ್ನೂರು ಎಂದರೆ ಆಯಾ ಜಿಲ್ಲೆಯ ಹಳ್ಳಿಗಳಲ್ಲಿ ಊರಿನ ಹೆಸರಿಗಿಂತ ಮೊದಲು ನೆನಪಾಗುವುದು ಈ ಶಾಲೆ. ಎಂಟನೇ ತರಗತಿಯವರೆಗೆ ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ. ಒಂಬತ್ತರಿಂದ ಹನ್ನೆರಡರವರೆಗೆ ವಿದ್ಯಾಲಯ ವಿಕಾಸ ನಿಧಿಯೆಂದು ತಿಂಗಳಿಗೆ 600 ರೂಪಾಯಿ ಕಟ್ಟಬೇಕಾದರೂ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಡತನ ರೇಖೆಗಿಂತ ಕೆಳಗಿರುವ ಕುಟುಂಬದ ಮಕ್ಕಳಿಗೆ ಅದರಿಂದಲೂ ವಿನಾಯಿತಿ ಇದೆ. ಸರ್ಕಾರಿ ನೌಕರರ ಮಕ್ಕಳು ಸ್ವಲ್ಪ ಹೆಚ್ಚು ಕಟ್ಟುತ್ತಾರೆ, ಅದು ನ್ಯಾಯವೇ.

ಆರನೇ ತರಗತಿಯ ಪ್ರವೇಶದ ನಿಯಮಗಳನ್ನು ಓದಿದವರಿಗೆ, ಅವುಗಳನ್ನು ರೂಪಿಸಿದವರ ಕಣ್ಣ ಮುಂದೆ ಹಳ್ಳಿಯ ಮಗುವೇ ಇತ್ತು ಎಂಬುದು ಸ್ಪಷ್ಟವಾಗುತ್ತದೆ. ಒಂದು ಶಾಲೆಗೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ಶೇ 75ರಷ್ಟು ಸ್ಥಾನ ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಗ್ರಾಮೀಣ ಮೀಸಲಾತಿ ಬೇಕೆಂದರೆ ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಡುವೆ ಸ್ವಲ್ಪ ಕಾಲ ಪಟ್ಟಣದ ಶಾಲೆಯಲ್ಲಿ ಕುಳಿತಿದ್ದರೂ ಆ ಮಗು ನಗರದ ಅಭ್ಯರ್ಥಿಯಾಗಿಬಿಡುತ್ತದೆ. ಐದನೇ ತರಗತಿಯನ್ನು ಅದೇ ಜಿಲ್ಲೆಯಲ್ಲಿ ಓದುತ್ತಿರಬೇಕು, ಅದೇ ಜಿಲ್ಲೆಯ ನಿವಾಸಿಯಾಗಿರಬೇಕು, ಪರೀಕ್ಷೆಗೆ ಒಂದೇ ಅವಕಾಶ, ಎರಡನೇ ಸಲ ಕೂರುವಂತಿಲ್ಲ. (ನಮ್ಮ ತಾಲ್ಲೂಕಿನ ಗಡಿಯ ಹಳ್ಳಿಗಳಲ್ಲಿ ಕೂಗಳತೆಯ ದೂರದಲ್ಲಿ ಹಾವೇರಿ ಜಿಲ್ಲೆ ಶುರುವಾಗುತ್ತದೆ. ಮನೆ ಈಚೆ, ಶಾಲೆ ಆಚೆ ಇರುವ ಮಕ್ಕಳ ತಂದೆತಾಯಿಗೆ ಈ ನಿಯಮವನ್ನು ನಾಲ್ಕನೇ ತರಗತಿಯಲ್ಲಿಯೇ ಯಾರಾದರೂ ಹೇಳಬೇಕು. ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.) ಎರಡು ಗಂಟೆಯ ಪರೀಕ್ಷೆಯಲ್ಲಿ 80 ಪ್ರಶ್ನೆ, 100 ಅಂಕ: ಬೌದ್ಧಿಕ ಸಾಮರ್ಥ್ಯಕ್ಕೆ ಐವತ್ತು, ಅಂಕಗಣಿತಕ್ಕೆ ಇಪ್ಪತ್ತೈದು, ಭಾಷೆಗೆ ಇಪ್ಪತ್ತೈದು. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಶ್ನೆಪತ್ರಿಕೆ ದೇಶದ ಸುಮಾರು ಇಪ್ಪತ್ತು ಭಾಷೆಗಳಲ್ಲಿ ಸಿಗುತ್ತದೆ. ನಮ್ಮ ಮಕ್ಕಳು ಅದನ್ನು ಕನ್ನಡದಲ್ಲಿ ಬರೆಯುತ್ತಾರೆ, ಕನ್ನಡದಲ್ಲಿ ಬರೆದೇ ಗೆಲ್ಲುತ್ತಾರೆ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹತ್ತನೇ ವಯಸ್ಸಿನಲ್ಲಿ ಈ ಪರೀಕ್ಷೆಯ ಸುದ್ದಿಯೇ ಕಿವಿಗೆ ಬೀಳದೆ ಹೋದ ಮಗುವಿನ ಗತಿಯೇನು? ಅಂಥ ಮಕ್ಕಳು ಕಡಿಮೆಯಲ್ಲ. ಐದನೇ ತರಗತಿಯಲ್ಲಿ ಮಗುವಿನ ಪ್ರತಿಭೆ ಅರ್ಧದಷ್ಟು ಮನೆಯವರ ಎಚ್ಚರವೇ ಆಗಿರುತ್ತದೆ. ಅಪ್ಪನೋ ಚಿಕ್ಕಪ್ಪನೋ ಮೇಷ್ಟ್ರಾಗಿದ್ದರೆ ಅರ್ಜಿ ಹೋಗುತ್ತದೆ, ಇಲ್ಲವಾದರೆ ಇಲ್ಲ. ಹುಡುಗ ಅಥವಾ ಹುಡುಗಿ ತನ್ನ ಸ್ವಂತ ಬಲದಿಂದ ಗುರುತಿಗೆ ಬರುವುದು ಎಂಟನೇ ತರಗತಿಯ ಹೊತ್ತಿಗೆ, ಇನ್ನೂ ಖಚಿತವಾಗಿ ಹತ್ತನೇ ತರಗತಿಯಲ್ಲಿ. ಆದ್ದರಿಂದಲೇ ಒಂಬತ್ತಕ್ಕೂ ಹನ್ನೊಂದಕ್ಕೂ ಇಟ್ಟಿರುವ ಲ್ಯಾಟರಲ್ ಎಂಟ್ರಿ ಎಂಬ ನಡುಪ್ರವೇಶ ನನ್ನ ದೃಷ್ಟಿಯಲ್ಲಿ ಆರನೇ ತರಗತಿಯ ಪ್ರವೇಶದಷ್ಟೇ ಮಹತ್ವದ್ದು. ಸ್ಥಾನಗಳು ಕೆಲವೇ ಇರಬಹುದು. ಹತ್ತನೇ ತರಗತಿ ಮುಗಿಸಿದ ನವೋದಯದ ಮಕ್ಕಳಲ್ಲಿ ಕೆಲವರು ನಗರದ ಪಿಯು ಕಾಲೇಜುಗಳ ಕಡೆಗೆ ಹೊರಟಾಗ ತೆರವಾಗುವ ಸ್ಥಾನಗಳವು. ಆದರೂ ಕಾಲೇಜಿನ ಶುಲ್ಕ ಮತ್ತು ಹಾಸ್ಟೆಲ್ಲಿನ ಲೆಕ್ಕ ಹಾಕಿ ವಿಜ್ಞಾನದ ಆಸೆಯನ್ನೇ ಕೈಬಿಡುವ ಮನೆಯ ಮಗುವಿಗೆ ಅದರಲ್ಲಿ ಒಂದು ಸಿಕ್ಕರೂ ಬದುಕಿನ ದಿಕ್ಕು ಬದಲಾಗುತ್ತದೆ.

ಈ ನಡುಪ್ರವೇಶಕ್ಕೆ ಈಗಿರುವ ಅರ್ಹತೆಗಳನ್ನು ನೋಡೋಣ. ಒಂಬತ್ತನೇ ತರಗತಿಗೆ ಸೇರಲು ಎಂಟನೇ ತರಗತಿಯನ್ನೂ, ಹನ್ನೊಂದಕ್ಕೆ ಸೇರಲು ಹತ್ತನೇ ತರಗತಿಯನ್ನೂ ನವೋದಯವಿರುವ ಜಿಲ್ಲೆಯ ಸರ್ಕಾರಿ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಓದುತ್ತಿರಬೇಕು. ವಯಸ್ಸು ನಿಗದಿತ ಮಿತಿಯೊಳಗಿರಬೇಕು. ಇದರಲ್ಲಿ ವಿಶೇಷವೇನೂ ಇಲ್ಲ. ಒಂಬತ್ತನೇ ತರಗತಿಯ ಪರೀಕ್ಷೆ ಎರಡೂವರೆ ಗಂಟೆಯದು, 100 ಅಂಕದ್ದು: ಗಣಿತ 35, ವಿಜ್ಞಾನ 35, ಇಂಗ್ಲಿಷ್ 15, ಹಿಂದಿ 15. ಹನ್ನೊಂದನೇ ತರಗತಿಗೆ ಮೊದಲು ಪರೀಕ್ಷೆಯೇ ಇರಲಿಲ್ಲ, ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ ನಡೆಯುತ್ತಿತ್ತು. 2023ರಿಂದ ಅಲ್ಲಿಯೂ ಆಯ್ಕೆ ಪರೀಕ್ಷೆ ಬಂದಿದೆ. ಬೌದ್ಧಿಕ ಸಾಮರ್ಥ್ಯ, ಇಂಗ್ಲಿಷ್, ವಿಜ್ಞಾನ, ಸಮಾಜ ವಿಜ್ಞಾನ, ಗಣಿತ ಈ ಐದಕ್ಕೂ ತಲಾ ಇಪ್ಪತ್ತರಂತೆ ನೂರು ಅಂಕ, ಇದಕ್ಕೂ ಎರಡೂವರೆ ಗಂಟೆ. ಎರಡೂ ಪರೀಕ್ಷೆಗಳು ಬಹು ಆಯ್ಕೆಯ ಪ್ರಶ್ನೆಗಳವು, ಉತ್ತರವನ್ನು ಒಎಂಆರ್ ಹಾಳೆಯಲ್ಲಿ ಗುರುತಿಸಬೇಕು. ಮತ್ತು ಎರಡೂ ಪರೀಕ್ಷೆಗಳ ಮಾಧ್ಯಮ ಇಂಗ್ಲಿಷ್ ಅಥವಾ ಹಿಂದಿ. ಕನ್ನಡ ಇಲ್ಲ. ತೆಲುಗು, ಮರಾಠಿ, ಮಲಯಾಳಂ, ಬಂಗಾಳಿ ಯಾವುದೂ ಇಲ್ಲ.

ಹೀಗೆ ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ಪರೀಕ್ಷೆ ಕೊಟ್ಟ ಸಂಸ್ಥೆಯೇ, ಅದೇ ಊರಿನ ಅದೇ ಶಾಲೆಯ ಮಗು ಹದಿಮೂರು ಅಥವಾ ಹದಿನೈದು ವರ್ಷದ್ದಾದಾಗ, ಅದು ಇಷ್ಟೂ ಕಾಲ ಗಣಿತ ವಿಜ್ಞಾನಗಳನ್ನು ಕಲಿತಿರುವ ಭಾಷೆಯನ್ನು ಬಾಗಿಲಲ್ಲಿಯೇ ಬಿಟ್ಟು ಒಳಗೆ ಬಾ ಎನ್ನುತ್ತದೆ. ಉತ್ತರ ಪ್ರದೇಶದ ಹಿಂದಿ ಮಾಧ್ಯಮದ ವಿದ್ಯಾರ್ಥಿಗೆ ಈ ಮಾತು ಅನ್ವಯಿಸುವುದಿಲ್ಲ. ಅವನು ಮೂರೂ ಹಂತಗಳಲ್ಲಿ ತನ್ನ ಕಲಿಕೆಯ ಭಾಷೆಯಲ್ಲಿಯೇ ಬರೆಯುತ್ತಾನೆ. ಅವನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವನಿಗೆ ಸಿಕ್ಕಿರುವುದು ಸರಿಯಾದದ್ದೇ. ನಮ್ಮ ಮಕ್ಕಳು ಸ್ಪರ್ಧಿಸುವುದೂ ಅವನೊಂದಿಗಲ್ಲ, ಇದೇ ಜಿಲ್ಲೆಯ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳ ಮಕ್ಕಳೊಂದಿಗೆ. ಅಂದರೆ ಹಳ್ಳಿಯ ಸರ್ಕಾರಿ ಶಾಲೆಯ ಮಗುವಿಗಾಗಿ ಕಟ್ಟಿದ ಮನೆಯ ಎರಡನೇ ಬಾಗಿಲನ್ನು, ಹಳದಿ ವ್ಯಾನಿನಲ್ಲಿ ಪೇಟೆಯ ಶಾಲೆಗೆ ಹೋಗಿಬರುವ ಮಗುವಿಗೆ ಅನುಕೂಲವಾಗುವ ಹಾಗೆ ಇಟ್ಟಂತಾಗಿದೆ. ಯಾರೂ ಉದ್ದೇಶಪೂರ್ವಕವಾಗಿ ಹೀಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ನಿಯಮದ ಫಲ ಇದು.

ಭಾಷೆಯಿಂದ ಆಗುವ ವ್ಯತ್ಯಾಸ ಎಷ್ಟು ಎಂದು ಕೇಳುವವರಿಗೆ ನನ್ನ ತರಗತಿಯ ಒಂದು ಪ್ರಸಂಗ ಹೇಳುತ್ತೇನೆ. ಸೇವೆಯ ಕೊನೆಯ ವರ್ಷಗಳಲ್ಲಿ ಹತ್ತನೇ ತರಗತಿಯ ಕೆಲವು ಮಕ್ಕಳನ್ನು ಸಂಜೆ ಉಳಿಸಿಕೊಂಡು ಇಂಥ ಪರೀಕ್ಷೆಗಳಿಗೆ ಅಭ್ಯಾಸ ಮಾಡಿಸುತ್ತಿದ್ದೆ. ಅವರಲ್ಲಿ ಒಬ್ಬ ಹುಡುಗಿಗೆ ತ್ರಿಕೋನಮಿತಿ ನೀರು ಕುಡಿದಷ್ಟು ಸಲೀಸು. ಗೋಪುರದ ಬುಡದಿಂದ 30 ಮೀಟರ್ ದೂರದ ಬಿಂದುವಿನಿಂದ ಅದರ ತುದಿಯ ಉನ್ನತ ಕೋನ 30 ಡಿಗ್ರಿ ಇದ್ದರೆ ಗೋಪುರದ ಎತ್ತರವೆಷ್ಟು ಎಂಬ ಪಠ್ಯಪುಸ್ತಕದ ಲೆಕ್ಕಕ್ಕೆ, ನಾನು ಓದಿ ಮುಗಿಸುವಷ್ಟರಲ್ಲಿ ಹತ್ತು ರೂಟ್ ಮೂರು ಎಂದು ಹೇಳಿಬಿಡುತ್ತಿದ್ದಳು. ಕೆಲವು ದಿನ ಬಿಟ್ಟು ಅದೇ ಲೆಕ್ಕವನ್ನು ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಹತ್ತು ನಿಮಿಷವಾದರೂ ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಪುಟದ ತುಂಬ ಗುಣಾಕಾರ. 'ಫುಟ್ ಆಫ್ ದಿ ಟವರ್' ಎಂಬುದನ್ನು ಅವಳು ಅಳತೆಯ ಅಡಿ ಎಂದು ಓದಿಕೊಂಡು, 30 ಮೀಟರನ್ನು ಅಡಿಗೆ ಪರಿವರ್ತಿಸುತ್ತಾ ಕುಳಿತಿದ್ದಳು. ನಕ್ಕುಬಿಟ್ಟೆ, ಆಮೇಲೆ ನಗು ಬರಲಿಲ್ಲ. ಕನ್ನಡದಲ್ಲಿಯೂ 'ಅಡಿ' ಎಂದರೆ ಅಳತೆಯೂ ಹೌದು, ಬುಡವೂ ಹೌದು. ಆದರೆ ಮರದ ಅಡಿಯಲ್ಲಿ ನಿಂತವನನ್ನು ಎಷ್ಟು ಅಡಿ ಎಂದು ಯಾವ ಕನ್ನಡದ ಮಗುವೂ ಕೇಳುವುದಿಲ್ಲ. ಸ್ವಂತ ಭಾಷೆಯಲ್ಲಿ ಸಂದರ್ಭವೇ ಅರ್ಥವನ್ನು ಹಿಡಿದುಕೊಡುತ್ತದೆ. ಹೊಸ ಭಾಷೆಯಲ್ಲಿ ಮಗು ಒಂದೊಂದೇ ಪದವನ್ನು ಕೈಯಲ್ಲಿ ಹಿಡಿದು ನೋಡುತ್ತದೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ.

ವಿಜ್ಞಾನದಲ್ಲಂತೂ ತೊಡಕು ಇನ್ನೂ ಹೆಚ್ಚು. ಪ್ರತಿಫಲನ ಮತ್ತು ವಕ್ರೀಭವನ ಎಂಬ ಎರಡು ಪದಗಳನ್ನು ಕನ್ನಡ ಮಾಧ್ಯಮದ ಯಾವ ವಿದ್ಯಾರ್ಥಿಯೂ ಒಂದಕ್ಕೊಂದು ಅದಲುಬದಲು ಮಾಡುವುದಿಲ್ಲ, ಏಕೆಂದರೆ ವಕ್ರವಾಗುವುದು ಎಂಬ ಸಂಗತಿ ಪದದೊಳಗೇ ಇದೆ. ರಿಫ್ಲೆಕ್ಷನ್, ರಿಫ್ರಾಕ್ಷನ್ ಎಂದಾಗ ಎರಡೂ ಒಂದೇ ತರಹ ಕೇಳಿಸುತ್ತವೆ, ಕಾಣಿಸುವುದೂ ಹೆಚ್ಚುಕಡಿಮೆ ಹಾಗೆಯೇ. ಗಣಿತದಲ್ಲಿ ತ್ರಿಭುಜದ ಪಾದ, ರಸಾಯನ ವಿಜ್ಞಾನದಲ್ಲಿ ಪ್ರತ್ಯಾಮ್ಲ ಎಂದು ನಾವು ಬೇರೆ ಬೇರೆಯಾಗಿ ಕಲಿಸಿದ್ದು ಇಂಗ್ಲಿಷಿನಲ್ಲಿ 'ಬೇಸ್' ಎಂಬ ಒಂದೇ ಪದವಾಗಿ ಎದುರಾಗುತ್ತದೆ. ಪೀನ ಮಸೂರದ ಮುಂದೆ ವಸ್ತುವನ್ನಿಟ್ಟು ಪ್ರತಿಬಿಂಬ ಎಲ್ಲಿ ಮೂಡುತ್ತದೆಂದು ಕಿರಣಚಿತ್ರ ಬರೆದು ತೋರಿಸಬಲ್ಲ ಹುಡುಗ, ಕಾನ್ವೆಕ್ಸ್ ಯಾವುದು, ಕಾನ್‌ಕೇವ್ ಯಾವುದು ಎಂಬಲ್ಲಿ ಎಡವುತ್ತಾನೆ. ಅವನಿಗೆ ತಪ್ಪಿಹೋಗುವ ಆ ಅಂಕ ವಿಜ್ಞಾನದ ಅಂಕವೇ? ಪರೀಕ್ಷೆ ಅಳೆಯಬೇಕೆಂದಿದ್ದುದು ಬೆಳಕಿನ ಬಗೆಗಿನ ತಿಳಿವಳಿಕೆಯನ್ನು, ಅಳೆದದ್ದು ಎರಡು ಇಂಗ್ಲಿಷ್ ಪದಗಳ ಪರಿಚಯವನ್ನು.

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತಿದೆ, ಅದು ತಳ್ಳಿಹಾಕುವಂಥದ್ದೂ ಅಲ್ಲ. ಹನ್ನೊಂದನೇ ತರಗತಿಯ ವಿಜ್ಞಾನದ ಪಾಠ ಅಲ್ಲಿ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ, ಇಂಗ್ಲಿಷ್ ಬಾರದ ಮಗುವನ್ನು ಸೇರಿಸಿಕೊಂಡು ಏನು ಮಾಡುವುದು, ಮೊದಲೇ ಪರೀಕ್ಷಿಸಿಕೊಳ್ಳುವುದು ಮಗುವಿಗೂ ಒಳ್ಳೆಯದಲ್ಲವೇ ಎಂಬುದು ಆ ಆಕ್ಷೇಪ. ಇದಕ್ಕೆ ನನ್ನ ಉತ್ತರ ಆ ಪರೀಕ್ಷೆಯ ವಿನ್ಯಾಸದಲ್ಲಿಯೇ ಇದೆ. ಇಂಗ್ಲಿಷ್ ಬರುತ್ತದೆಯೇ ಎಂದು ತಿಳಿಯಲು ಅಲ್ಲಿ ಇಪ್ಪತ್ತು ಅಂಕದ ಇಂಗ್ಲಿಷ್ ಭಾಗ ಪ್ರತ್ಯೇಕವಾಗಿಯೇ ಇದೆ. ಆ ಭಾಗವನ್ನು ಯಾರೂ ಕನ್ನಡಕ್ಕೆ ಮಾಡಿಕೊಡಿ ಎನ್ನುತ್ತಿಲ್ಲ. ಬೇಕಾದರೆ ಅದರಲ್ಲಿ ಕನಿಷ್ಠ ಇಷ್ಟು ಅಂಕ ಬರಲೇಬೇಕೆಂದು ಗೊತ್ತುಮಾಡಲಿ. ಆದರೆ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಬೌದ್ಧಿಕ ಸಾಮರ್ಥ್ಯದ ಎಂಬತ್ತು ಪ್ರಶ್ನೆಗಳನ್ನೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಮಾತ್ರ ಕೊಟ್ಟಾಗ, ಇಂಗ್ಲಿಷನ್ನು ಒಮ್ಮೆ ನೇರವಾಗಿ ಇಪ್ಪತ್ತು ಅಂಕಕ್ಕೂ, ಮತ್ತೆ ಮರೆಯಲ್ಲಿ ಎಂಬತ್ತು ಅಂಕಕ್ಕೂ ಪರೀಕ್ಷಿಸಿದಂತಾಗುತ್ತದೆ. ಇನ್ನು ಪಾಠದ ಭಾಷೆಯ ಮಾತು. ನಮ್ಮ ರಾಜ್ಯದ ಪಿಯು ವಿಜ್ಞಾನದ ತರಗತಿಗಳಲ್ಲಿಯೂ ಪಾಠ ನಡೆಯುವುದು ಇಂಗ್ಲಿಷಿನಲ್ಲಿಯೇ. ಕನ್ನಡ ಮಾಧ್ಯಮದ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಅಲ್ಲಿಗೆ ಹೋಗುತ್ತಲೇ ಇದ್ದಾರೆ, ಮೊದಲ ಆರು ತಿಂಗಳು ಒದ್ದಾಡುತ್ತಾರೆ, ಆಮೇಲೆ ನಿಂತುಕೊಳ್ಳುತ್ತಾರೆ. ಅವರನ್ನು ಸೇರಿಸಿಕೊಳ್ಳುವ ಮೊದಲು ಪಿಯು ಕಾಲೇಜು ಇಂಗ್ಲಿಷಿನಲ್ಲಿ ಗಣಿತದ ಪರೀಕ್ಷೆ ನಡೆಸುವುದಿಲ್ಲ, ಎಸ್ಸೆಸ್ಸೆಲ್ಸಿಯ ಅಂಕ ನೋಡುತ್ತದೆ. ಅಲ್ಲದೆ ಆರನೇ ತರಗತಿಗೆ ಕನ್ನಡದಲ್ಲಿ ಪರೀಕ್ಷೆ ಬರೆದು ಬಂದ ಮಕ್ಕಳನ್ನು ಕೆಲವೇ ವರ್ಷಗಳಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ದಾಟಿಸುವ ಕೆಲಸವನ್ನು ನವೋದಯಗಳು ಮೂರು ದಶಕಗಳಿಗೂ ಮಿಕ್ಕಿ ಯಶಸ್ವಿಯಾಗಿ ಮಾಡಿಕೊಂಡು ಬಂದಿವೆ. ಆ ಕಲೆ ಬಲ್ಲ ಅಧ್ಯಾಪಕರು ಅಲ್ಲಿಯೇ ಇದ್ದಾರೆ.

ಎರಡನೇ ಆಕ್ಷೇಪ ಪಠ್ಯಕ್ರಮದ್ದು. ಇದು ಸಿಬಿಎಸ್‌ಇ ಶಾಲೆ, ರಾಜ್ಯದ ಪಠ್ಯ ಓದಿದವರಿಗೆ ಸಹಜವಾಗಿ ಕಷ್ಟ ಎನ್ನುತ್ತಾರೆ. ಹಿಂದೆ ಈ ಮಾತಿನಲ್ಲಿ ಹುರುಳಿತ್ತು. ಆದರೆ ಕೆಲವು ವರ್ಷಗಳಿಂದ ನಮ್ಮ ಪ್ರೌಢಶಾಲೆಗಳಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಸಿಬಿಎಸ್‌ಇ ಶಾಲೆಗಳಲ್ಲಿ ಬಳಸುವ ಎನ್‌ಸಿಇಆರ್‌ಟಿಯ ಪುಸ್ತಕಗಳೇ ಕನ್ನಡಕ್ಕೆ ಅನುವಾದವಾಗಿ ಬಳಕೆಯಲ್ಲಿವೆ. ಮೇಲೆ ಹೇಳಿದ ಗೋಪುರದ ಲೆಕ್ಕ ಎರಡೂ ಕಡೆ ಒಂದೇ. ಸಮಾಂತರ ಶ್ರೇಢಿಯ ಅಧ್ಯಾಯ ಒಂದೇ, ಅಭ್ಯಾಸದ ಸಂಖ್ಯೆಗಳೂ ಒಂದೇ. ಪಠ್ಯದ ಗೋಡೆ ಬಿದ್ದುಹೋಗಿರುವಾಗ ಭಾಷೆಯ ಗೋಡೆಯೊಂದೇ ನಿಂತಿರುವುದು ಇನ್ನೂ ಎದ್ದು ಕಾಣುತ್ತದೆ. ಇದರಿಂದ ಇನ್ನೊಂದು ಅನುಕೂಲವೂ ಇದೆ: ಪಾರಿಭಾಷಿಕ ಪದಗಳಿಗೆ ಸರ್ಕಾರವೇ ಅಚ್ಚುಹಾಕಿಸಿದ ಕನ್ನಡ ರೂಪಗಳು ಸಿದ್ಧವಾಗಿರುವುದರಿಂದ ಪ್ರಶ್ನೆಪತ್ರಿಕೆಯ ಅನುವಾದಕರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅನುವಾದ ಎಂದರೆ ಎಷ್ಟು ಕೆಲಸ ಎಂಬುದನ್ನೂ ಲೆಕ್ಕ ಹಾಕಿ ನೋಡಿದ್ದೇನೆ, ಲೆಕ್ಕದ ಮೇಷ್ಟ್ರ ಚಾಳಿ. ಒಂಬತ್ತನೇ ತರಗತಿಯ ಪರೀಕ್ಷೆಯಲ್ಲಿ ಗಣಿತ ವಿಜ್ಞಾನ ಸೇರಿ ಎಪ್ಪತ್ತು ಪ್ರಶ್ನೆ. ಹನ್ನೊಂದರಲ್ಲಿ ಇಂಗ್ಲಿಷ್ ಭಾಗ ಬಿಟ್ಟು ಎಂಬತ್ತು. ಒಟ್ಟು ವರ್ಷಕ್ಕೆ ನೂರೈವತ್ತು ಪ್ರಶ್ನೆಗಳು. ಇಬ್ಬರು ಅನುಭವಿ ಶಿಕ್ಷಕರು ಒಂದು ವಾರದಲ್ಲಿ ಮಾಡಿ, ಇನ್ನಿಬ್ಬರು ಪರಿಶೀಲಿಸಿ ಮುಗಿಸಬಹುದಾದ ಕೆಲಸ. ಪತ್ರಿಕೆಯ ಗೋಪ್ಯತೆ ಕಾಪಾಡುವುದು ಹೇಗೆ ಎಂಬ ಪ್ರಶ್ನೆಗೆ, ಆರನೇ ತರಗತಿಯ ಪರೀಕ್ಷೆಗೆ ಸುಮಾರು ಇಪ್ಪತ್ತು ಭಾಷೆಗಳಲ್ಲಿ ಪತ್ರಿಕೆ ಸಿದ್ಧಪಡಿಸುವವರು ಈಗಾಗಲೇ ಉತ್ತರ ಕಂಡುಕೊಂಡಿದ್ದಾರೆ. ಮೌಲ್ಯಮಾಪನಕ್ಕೆ ಕನ್ನಡ ಬಲ್ಲವರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಏಳುವುದೇ ಇಲ್ಲ, ಏಕೆಂದರೆ ಒಎಂಆರ್ ಹಾಳೆಯ ವೃತ್ತಕ್ಕೆ ಭಾಷೆಯಿಲ್ಲ. ಅದನ್ನು ಓದುವುದು ಯಂತ್ರ. ಅನುವಾದದಲ್ಲಿ ತಪ್ಪಾದೀತು ಎಂಬ ಭಯವಿದ್ದರೆ ಒಂದೇ ಪುಟದಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಅಕ್ಕಪಕ್ಕ ಅಚ್ಚುಹಾಕಿ, ಸಂಶಯ ಬಂದಲ್ಲಿ ಇಂಗ್ಲಿಷ್ ಪಾಠವೇ ಅಂತಿಮ ಎಂದು ಮೊದಲೇ ತಿಳಿಸಬಹುದು. ಹಾಗೆ ಎರಡನ್ನೂ ಒಟ್ಟಿಗೆ ಕೊಟ್ಟರೆ ನಮ್ಮ ಹುಡುಗಿಯಂಥವರು ಕನ್ನಡದಲ್ಲಿ ಅರ್ಥಮಾಡಿಕೊಂಡು ಇಂಗ್ಲಿಷ್ ಪದವನ್ನೂ ಗುರುತಿಟ್ಟುಕೊಳ್ಳುತ್ತಾರೆ.

ಕೇಂದ್ರ ಸರ್ಕಾರದ ಇತರ ಪರೀಕ್ಷೆಗಳನ್ನು ನೋಡಿದರೆ ಈ ನಿಯಮ ಇನ್ನಷ್ಟು ಒಂಟಿಯಾಗಿ ಕಾಣುತ್ತದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದು. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮುಖ್ಯ ಪರೀಕ್ಷೆ 2021ರಿಂದ ಕನ್ನಡವೂ ಸೇರಿ ಹದಿಮೂರು ಭಾಷೆಗಳಲ್ಲಿ ನಡೆಯುತ್ತಿದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಹುದ್ದೆಯ ಪರೀಕ್ಷೆಯನ್ನು 2024ರಿಂದ ಹಿಂದಿ, ಇಂಗ್ಲಿಷ್ ಜೊತೆಗೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಮಾಡಲಾಗಿದೆ. ಎಂಬಿಬಿಎಸ್ ಓದಬಯಸುವವರು ಜೀವವಿಜ್ಞಾನವನ್ನು ಕನ್ನಡದಲ್ಲಿ ಬರೆದು ತೇರ್ಗಡೆಯಾಗಬಹುದಂತೆ, ಹತ್ತನೇ ತರಗತಿಯ ಹುಡುಗ ಮಾತ್ರ ಬರೆಯಬಾರದಂತೆ! ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಎನ್‌ಎಂಎಂಎಸ್ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿಯ ಮಕ್ಕಳಲ್ಲಿ ಪರೀಕ್ಷೆಯಿಂದ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಈ ವಿದ್ಯಾರ್ಥಿವೇತನ ಕೇಂದ್ರದ್ದು, ಪರೀಕ್ಷೆ ನಡೆಸುವುದು ರಾಜ್ಯ. ಬೌದ್ಧಿಕ ಸಾಮರ್ಥ್ಯಕ್ಕೆ 90, ಗಣಿತ ವಿಜ್ಞಾನ ಮೊದಲಾದ ವಿಷಯಗಳಿಗೆ 90 ಅಂಕದ ಆ ಪರೀಕ್ಷೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುತ್ತಾರೆ. ಅದೇ ಮಗು, ಅದೇ ಎಂಟನೇ ತರಗತಿ, ಅದೇ ಶೈಕ್ಷಣಿಕ ವರ್ಷ, ಹೆಚ್ಚುಕಡಿಮೆ ಅದೇ ಪಠ್ಯ. ಕೇಂದ್ರದ ಹಣಕ್ಕೆ ಕನ್ನಡ ಸಾಕು, ಕೇಂದ್ರದ ಶಾಲೆಗೆ ಸಾಲದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕನಿಷ್ಠ ಐದನೇ ತರಗತಿಯವರೆಗೆ, ಸಾಧ್ಯವಾದರೆ ಎಂಟನೇ ತರಗತಿ ಮತ್ತು ಅದರಾಚೆಗೂ ಮನೆಮಾತು ಅಥವಾ ಪ್ರಾದೇಶಿಕ ಭಾಷೆಯಲ್ಲಿ ಬೋಧನೆ ನಡೆಯಲಿ ಎನ್ನುತ್ತದೆ. ಆ ಮಾತನ್ನು ನಂಬಿ ಮಗುವನ್ನು ಕನ್ನಡ ಮಾಧ್ಯಮದಲ್ಲಿ ಉಳಿಸಿಕೊಂಡ ತಂದೆತಾಯಿಗೆ, ಅದೇ ಶಿಕ್ಷಣ ಸಚಿವಾಲಯದ ಅಡಿಯ ಸಂಸ್ಥೆಯೊಂದು ಎಂಟನೇ ತರಗತಿಯ ಕೊನೆಗೆ ಬೇರೆಯದೇ ಸಂದೇಶ ಕೊಡುವುದು ಹೇಗೆ ಸರಿ? ಊರಿನ ಶಾಲೆ ಬಿಡಿಸಿ ಪೇಟೆಯ ಇಂಗ್ಲಿಷ್ ಶಾಲೆಗೆ ಹಾಕಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ಇಂಥ ಒಂದೊಂದು ನಿಯಮವೂ ಅದನ್ನೇ ಹೇಳುತ್ತದೆ.

ಹಳೆಯ ಪದ್ಧತಿಗೇ ಮರಳಿ ಹತ್ತನೇ ತರಗತಿಯ ಅಂಕದ ಮೇಲೆ ಆಯ್ಕೆ ಮಾಡಲಿ ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆ ಬೇರೆ ಮಂಡಳಿಗಳ ಅಂಕಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಮ ಎಸ್ಸೆಸ್ಸೆಲ್ಸಿಯ 625ರ ಲೆಕ್ಕಕ್ಕೂ ಸಿಬಿಎಸ್‌ಇಯ ಲೆಕ್ಕಕ್ಕೂ ತಾಳೆ ಕೂರಿಸುವುದರಲ್ಲಿ ಯಾವತ್ತೂ ಒಬ್ಬರಿಗೆ ಅನ್ಯಾಯ ಆಗುತ್ತಿತ್ತು. ಎಲ್ಲರಿಗೂ ಒಂದೇ ಪರೀಕ್ಷೆ ಎಂಬ ತತ್ವ ಒಳ್ಳೆಯದೇ. ಪರೀಕ್ಷೆಯ ಸಮಯದ ಬಗ್ಗೆ ಮಾತ್ರ ಒಂದು ಮಾತಿದೆ. ಈಚಿನ ವರ್ಷಗಳಲ್ಲಿ ಇದು ಫೆಬ್ರುವರಿಯ ಮೊದಲ ಭಾಗದಲ್ಲಿ ನಡೆಯುತ್ತಿದೆ. ನಮ್ಮ ಶಾಲೆಗಳಲ್ಲಿ ಅದು ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಗಳ, ಪುನರಾವರ್ತನೆಯ, ವಿಶೇಷ ತರಗತಿಗಳ ಕಾಲ. ಪೂರ್ತಿ ಪಠ್ಯ ಓದಿಕೊಂಡಿರುವುದರಿಂದ ಅದರಿಂದ ಲಾಭವೂ ಇರಬಹುದು, ಆದ್ದರಿಂದ ಇದನ್ನು ದೊಡ್ಡ ದೂರಾಗಿ ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಮತ್ತೊಮ್ಮೆ ಎಲ್ಲವನ್ನೂ ಓದಿಕೊಳ್ಳಲು ಆ ತಿಂಗಳಲ್ಲಿ ಯಾವ ಮಗುವಿಗೂ ಬಿಡುವಿರುವುದಿಲ್ಲ ಎಂಬುದಷ್ಟೇ ನನ್ನ ಮಾತು.

ರಾಜ್ಯ ಸರ್ಕಾರ ಇದರಲ್ಲಿ ಏನು ಮಾಡಲು ಸಾಧ್ಯ ಎಂದು ಕೇಳಬಹುದು. ಶಾಲೆ ಕೇಂದ್ರದ್ದಾದರೂ ನೆಲ ರಾಜ್ಯದ್ದು. ಪ್ರತಿ ನವೋದಯಕ್ಕೂ ಸುಮಾರು ಮೂವತ್ತು ಎಕರೆ ಭೂಮಿಯನ್ನು ರಾಜ್ಯವೇ ಉಚಿತವಾಗಿ ಕೊಡಬೇಕೆಂಬುದು ಯೋಜನೆಯ ಷರತ್ತು. ತಮಿಳುನಾಡು ತನ್ನ ಭಾಷಾ ನೀತಿಯ ಕಾರಣ ಹೇಳಿ ಈ ಶಾಲೆಗಳನ್ನೇ ಬೇಡವೆಂದಿತು. ಕರ್ನಾಟಕ ಹಾಗೆ ಮಾಡಲಿಲ್ಲ, ಭೂಮಿ ಕೊಟ್ಟು ಬರಮಾಡಿಕೊಂಡಿತು, ಒಂಬತ್ತನೇ ತರಗತಿಯಲ್ಲಿ ಮೂವತ್ತು ಶೇಕಡಾ ಮಕ್ಕಳು ಒಂದು ವರ್ಷ ಹಿಂದಿ ಪ್ರದೇಶದ ನವೋದಯಕ್ಕೆ ಹೋಗಿ ಓದುವ ವ್ಯವಸ್ಥೆಗೂ ಒಪ್ಪಿ ನಡೆಯುತ್ತಿದೆ. ನನ್ನ ಹಳೆಯ ವಿದ್ಯಾರ್ಥಿಗಳ ಒಡಹುಟ್ಟಿದವರು ಹಾಗೆ ಹೋಗಿ ಹಿಂದಿ ಕಲಿತು, ಗೆಳೆಯರನ್ನು ಸಂಪಾದಿಸಿಕೊಂಡು ಬಂದಿದ್ದಾರೆ. ಅದು ಸೊಗಸಾದ ಏರ್ಪಾಡು. ಇಷ್ಟು ಸಹಕಾರ ಕೊಟ್ಟ ರಾಜ್ಯಕ್ಕೆ, ತನ್ನ ಮಕ್ಕಳ ಪ್ರವೇಶ ಪರೀಕ್ಷೆ ತನ್ನ ಭಾಷೆಯಲ್ಲಿಯೂ ಇರಲಿ ಎಂದು ಕೇಳುವ ಹಕ್ಕು ಇಲ್ಲವೇ? ಪ್ರತಿ ನವೋದಯದ ನಿರ್ವಹಣಾ ಸಮಿತಿಗೆ ಆಯಾ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಅವರು ಸಮಿತಿಯ ಮುಂದಿನ ಸಭೆಯಲ್ಲಿ ಒಂದು ನಿರ್ಣಯ ಮಾಡಿ, ಈ ಶಾಲೆಗಳನ್ನೆಲ್ಲ ನಡೆಸುವ ನವೋದಯ ವಿದ್ಯಾಲಯ ಸಮಿತಿಯ ಹೈದರಾಬಾದ್ ಪ್ರಾದೇಶಿಕ ಕಚೇರಿಗೆ ಕಳುಹಿಸಿದರೆ, ಶಾಲಾ ಶಿಕ್ಷಣ ಇಲಾಖೆ ಅದರ ಬೆನ್ನಿಗೆ ಒಂದು ಅಧಿಕೃತ ಪತ್ರ ಬರೆದು ಅನುವಾದಕ್ಕೆ ಬೇಕಾದ ಶಿಕ್ಷಕರನ್ನು ತಾನೇ ಒದಗಿಸುವುದಾಗಿ ಹೇಳಿದರೆ, ನಮ್ಮ ಸಂಸದರಲ್ಲಿ ಒಬ್ಬಿಬ್ಬರಾದರೂ ಇದನ್ನು ಸಂಸತ್ತಿನಲ್ಲಿ ಪ್ರಶ್ನೆಯಾಗಿ ಕೇಳಿದರೆ, ಮುಂದಿನ ಅಧಿಸೂಚನೆಯಲ್ಲಿಯೇ ಬದಲಾವಣೆ ಸಾಧ್ಯ. ಇದಕ್ಕೆ ಕಾನೂನಿನ ತಿದ್ದುಪಡಿ ಬೇಡ, ಪ್ರಾಸ್ಪೆಕ್ಟಸ್‌ನ ಒಂದು ಸಾಲಿನ ತಿದ್ದುಪಡಿ ಸಾಕು.

ಅಲ್ಲಿಯವರೆಗೆ ಪ್ರೌಢಶಾಲೆಯ ಗಣಿತ, ವಿಜ್ಞಾನ ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ಕಪ್ಪುಹಲಗೆಯ ಮೇಲೆ ಉನ್ನತ ಕೋನ ಎಂದು ಬರೆದಾಗ ಪಕ್ಕದಲ್ಲಿ ಅದರ ಇಂಗ್ಲಿಷ್ ಪದವನ್ನೂ ಬರೆಯಿರಿ, ಮಕ್ಕಳು ಟಿಪ್ಪಣಿ ಪುಸ್ತಕದ ಕೊನೆಯ ಹಾಳೆಗಳಲ್ಲಿ ಎರಡು ಸಾಲಿನ ಪಟ್ಟಿ ಮಾಡಿಕೊಳ್ಳಲಿ. ನಾನು ತಡವಾಗಿ ಆರಂಭಿಸಿದೆ, ಮೊದಲೇ ಮಾಡಬೇಕಿತ್ತು. ತಮ್ಮಲ್ಲಿ ನನ್ನ ಕೋರಿಕೆ ಇನ್ನೂ ಸಣ್ಣದು. ಮುಂದಿನ ಬಾರಿ ಒಂಬತ್ತು ಮತ್ತು ಹನ್ನೊಂದನೇ ತರಗತಿಯ ಅರ್ಜಿ ಆಹ್ವಾನದ ಸುದ್ದಿಯನ್ನು ಪ್ರಕಟಿಸುವಾಗ, ಕೊನೆಯ ದಿನಾಂಕದ ಜೊತೆಗೆ 'ಪರೀಕ್ಷಾ ಮಾಧ್ಯಮ: ಇಂಗ್ಲಿಷ್ ಅಥವಾ ಹಿಂದಿ' ಎಂಬ ಸಾಲನ್ನೂ ದಯವಿಟ್ಟು ಸೇರಿಸಿ. ಅರ್ಜಿ ಹಾಕುವ ಮಗುವಿಗೆ ತಯಾರಿಗೆ ನಾಲ್ಕು ತಿಂಗಳಾದರೂ ಸಿಗುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ